1975ರ ಪದ್ಮಿನಿಯಲ್ಲಿ ಮೈಸೂರಿನಿಂದ ನೇಪಾಳಕ್ಕೆ: ಹೊರಡುವ ಮುನ್ನ ಏನೇನು ರಿಪೇರಿ ಆಗಬೇಕು?

ಪ್ರಶ್ನೆ: ಮೈಸೂರು_ಪದ್ಮಿನಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1975ರ ಪ್ರೀಮಿಯರ್ ಪದ್ಮಿನಿ ಇದೆ. ತಂದೆಯವರು ಇಟ್ಟುಕೊಂಡಿದ್ದ ಗಾಡಿ; ಅವರು ತೀರಿಕೊಂಡ ಮೇಲೂ ವಾರಕ್ಕೊಂದು ಸಲವಾದರೂ ಹೊರತೆಗೆದು ಓಡಿಸುತ್ತಿರುವುದರಿಂದ ನಿಂತು ಕೆಟ್ಟ ಗಾಡಿಯೆಂದು ಹೇಳುವಂತಿಲ್ಲ. ಪಶುಪತಿನಾಥ, ಮುಕ್ತಿನಾಥಗಳ ದರ್ಶನ ಮಾಡಬೇಕೆಂಬುದು ನಮ್ಮ ತಾಯಿಯವರ ಬಹುಕಾಲದ ಆಸೆ. ವಿಮಾನದ ಮಾತೆತ್ತಿದರೆ ಅವರು ಒಪ್ಪುವುದಿಲ್ಲ, ಈ ಕಾರಿನಲ್ಲೇ ಹೋಗೋಣವೆನ್ನುತ್ತಾರೆ. ದೀಪಾವಳಿ ಕಳೆದ ಕೂಡಲೇ ತಾಯಿ, ಭಾವ ಮತ್ತು ನಾನು ಹೊರಡುವುದೆಂದು ನಿಶ್ಚಯವಾಗಿದೆ. ಬೆಂಗಳೂರು, ಹೈದರಾಬಾದ್, ನಾಗಪುರ, ಜಬಲ್ಪುರ, ವಾರಾಣಸಿ, ಗೋರಖಪುರಗಳ ಮೇಲೆ ಹಾದು ಸೋನೌಲಿಯಲ್ಲಿ ಗಡಿ ದಾಟಿ, ಮೊದಲು ಪೋಖರಾ, ಆಮೇಲೆ ಕಠ್ಮಂಡು ಎಂಬುದು ನಮ್ಮ ಯೋಜನೆ. ಕೈಯಲ್ಲಿ ಇನ್ನೂ ನಾಲ್ಕು ತಿಂಗಳಿದೆ.

ಗಾಡಿಯ ಈಗಿನ ಸ್ಥಿತಿ ಹೀಗಿದೆ. ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಗಂಟೆಗೆ 60-70 ಕಿ.ಮೀ. ವೇಗದಲ್ಲಿ ತಕರಾರಿಲ್ಲದೆ ಓಡುತ್ತದೆ. ಆದರೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಒಂದೇ ಸಮನೆ ಮಿಸ್ ಹೊಡೆಯುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಒಳಗೆ ಕೂತವರಿಗೆ ಆಗಾಗ ಪೆಟ್ರೋಲ್ ವಾಸನೆಯೂ ಬರುತ್ತದೆ. ಮೂರು ಗ್ಯಾರೇಜುಗಳಲ್ಲಿ ವಿಚಾರಿಸಿದೆ. ಒಬ್ಬರು ಎಂಜಿನ್ ಪೂರ್ತಿ ಇಳಿಸಿ ಬೋರಿಂಗ್ (ಸವೆದ ಸಿಲಿಂಡರುಗಳನ್ನು ಕೊರೆದು ಸಮ ಮಾಡುವುದು) ಮಾಡಿಸಿ ಎಂದರು. ಇನ್ನೊಬ್ಬರು ಡೀಸೆಲ್ ಎಂಜಿನ್ ಕೂರಿಸಿದರೆ ಖರ್ಚೂ ಉಳಿಯುತ್ತದೆ, ಚಿಂತೆಯೂ ಇರುವುದಿಲ್ಲ ಎಂದರು. ಮೂರನೆಯವರು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ಎಲೆಕ್ಟ್ರಿಕ್ ಫ್ಯಾನ್ ಹಾಕಿಸಬೇಕೆನ್ನುತ್ತಾರೆ. ಯಾವುದನ್ನು ಮಾಡಿಸಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯದಾಗಿದೆ. ಕಾಗದಪತ್ರಗಳ ಬಗ್ಗೆಯೂ ತಿಳಿದವರು ಹೇಳಬೇಕು. ಆರ್.ಸಿ. ಇನ್ನೂ ತಂದೆಯವರ ಹೆಸರಿನಲ್ಲೇ ಇದೆ.

ಉತ್ತರ: ಹಳೇ_ಗ್ಯಾರೇಜು

ಮೊದಲು ಎಂಜಿನ್ ಬಿಚ್ಚುವ ಮಾತನ್ನು ಪಕ್ಕಕ್ಕಿಡಿ. ಈ 1089 ಸಿ.ಸಿ. ಎಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂನದು. ಎಣ್ಣೆ ಮತ್ತು ನೀರು ಸರಿಯಾಗಿದ್ದರೆ ಬ್ಲಾಕಿಗೆ ಸುಲಭಕ್ಕೆ ಏನೂ ಆಗುವುದಿಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯದೆಯೇ ಬೋರಿಂಗ್ ಮಾಡಿಸಿ ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ. ನಾಲ್ಕೂ ಪ್ಲಗ್ ತೆಗೆಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಎಂಜಿನ್ ಬಿಸಿಯಿರುವಾಗಲೇ ಗೇಜ್ ಹಾಕಿಸಿ ನಾಲ್ಕರ ಅಂಕಿಗಳನ್ನೂ ಇಲ್ಲಿ ಬರೆಯಿರಿ. ಯಾವುದಾದರೂ ಒಂದು ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದರೆ, ಆ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವಿನ ಕಡೆ ನೋಡಬೇಕು.

ಡೀಸೆಲ್ ಎಂಜಿನ್ನಿನ ಸಲಹೆಯನ್ನು ಮರೆತುಬಿಡಿ. ಆ ತೂಕಕ್ಕೆ ಈ ಗಾಡಿಯ ಮುಂದಿನ ಸ್ಪ್ರಿಂಗು, ಮುಂಚಕ್ರಗಳು ತಿರುಗಲು ಆಧಾರವಾದ ಕಿಂಗ್‌ಪಿನ್ನುಗಳು ತಯಾರಾದವಲ್ಲ. ಅದಲ್ಲದೆ ಎಂಜಿನ್ ನಂಬರ್, ಇಂಧನದ ವಿವರ ಎರಡೂ ಆರ್.ಸಿ.ಗೆ ಹೊಂದದಿದ್ದರೆ ಗಡಿಯಲ್ಲಿ ತಡೆದಾರು.

ನಿಮ್ಮ ಹಣ ಮತ್ತು ಸಮಯ ಹೋಗಬೇಕಾದದ್ದು ನೀರು, ಪೆಟ್ರೋಲ್, ಬ್ರೇಕ್ ಈ ಮೂರಕ್ಕೆ. ಬೆಟ್ಟ ಹತ್ತುವಾಗ ಮುಳ್ಳು ಏರುತ್ತಿದೆಯೆಂದರೆ ರೇಡಿಯೇಟರಿನ ಕೋರ್ ಒಳಗೆ ಕಟ್ಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ರೇಡಿಯೇಟರಿನ ಮುಖವನ್ನು ಅಂಗೈಯಿಂದ ಹುಷಾರಾಗಿ ಮುಟ್ಟುತ್ತ ಹೋಗಿ. ಎಲ್ಲಿ ತಣ್ಣಗಿದೆಯೋ ಅಲ್ಲಿ ನೀರು ಹರಿಯುತ್ತಿಲ್ಲ. ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರನ್ನು ಬಿಚ್ಚಿ, ಟ್ಯಾಂಕುಗಳನ್ನು ಕಾಯಿಸಿ ತೆಗೆದು, ಕೊಳವೆಗಳಲ್ಲಿ ಸಲಾಕೆ ಆಡಿಸಿ ಮತ್ತೆ ಬೆಸುಗೆ ಹಾಕುವವರು ಮೈಸೂರಿನಲ್ಲೇ ಸಿಗುತ್ತಾರೆ. ಬಿಸಿಗೆ ತಕ್ಕಂತೆ ನೀರನ್ನು ತಡೆದು ಬಿಡುವ ಥರ್ಮೋಸ್ಟಾಟ್ ಇದೆಯೋ, ಯಾರಾದರೂ ಕಿತ್ತು ಬಿಸಾಡಿದ್ದಾರೋ ನೋಡಿಕೊಳ್ಳಿ. ಬಿಸಿಯ ದೂರು ಬಂದಾಗಲೆಲ್ಲ ಅದನ್ನು ತೆಗೆದುಹಾಕುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಎಲ್ಲ ಹೋಸ್ ಪೈಪುಗಳನ್ನೂ, ಫ್ಯಾನ್ ಬೆಲ್ಟನ್ನೂ ಹೊಸದು ಹಾಕಿಸಿ, ಬರಿಯ ನೀರಿನ ಬದಲು ಕೂಲಂಟ್ ತುಂಬಿಸಿ. ಅಲ್ಯುಮಿನಿಯಂ ಹೆಡ್ ಒಮ್ಮೆ ಅತಿಯಾಗಿ ಕಾದರೆ ಸೊಟ್ಟಗಾಗುತ್ತದೆ. ನಾಗಪುರದ ಬಯಲಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋದರೆ ನಿಮ್ಮ ಯಾತ್ರೆ ಅಲ್ಲಿಗೇ ನಿಲ್ಲುತ್ತದೆ.

ಪೆಟ್ರೋಲ್ ವಾಸನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಇ20. ನಿಮ್ಮ ಗಾಡಿಯ ಕಾಲದ ರಬ್ಬರು ಅದಕ್ಕೆ ತಯಾರಾದದ್ದಲ್ಲ. ಪೈಪು ಮೆತ್ತಗಾಗಿ ಬಿರುಕು ಬಿಡುತ್ತದೆ, ಪಂಪಿನ ಡಯಾಫ್ರಮ್ ಉಬ್ಬುತ್ತದೆ. ಜೊತೆಗೆ ಎಥನಾಲ್ ತೇವ ಹೀರುವುದರಿಂದ ಹಳೆಯ ಟ್ಯಾಂಕಿನಲ್ಲಿ ತುಕ್ಕು ಹಿಡಿದು, ಆ ಪುಡಿಯೆಲ್ಲ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಾದ ಜೆಟ್ಟಿಗೆ ಬಂದು ಕೂರುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ಎಥನಾಲ್ ತಡೆಯುವ ವೈಟಾನ್ ಪೈಪುಗಳನ್ನು ಹಾಕಿಸಿ, ಪಂಪಿಗೂ ಕಾರ್ಬುರೇಟರಿಗೂ ಹೊಸ ಕಿಟ್ (ಒಳಗಿನ ರಬ್ಬರು, ವಾಷರುಗಳ ಸೆಟ್) ಹಾಕಿಸಿ, ಪಂಪಿಗಿಂತ ಮೊದಲು ಒಂದು ಫಿಲ್ಟರ್ ಕೂರಿಸಿ. ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಗಾಳಿ-ಪೆಟ್ರೋಲಿನ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗುತ್ತದೆ. ಪ್ಲಗ್ಗಿನ ತುದಿ ಬೆಳ್ಳಗೆ ಸುಟ್ಟಂತೆ ಕಾಣುತ್ತಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಸಬಹುದು. ತೆಳು ಮಿಶ್ರಣವೂ ಎಂಜಿನ್ನನ್ನು ಕಾಯಿಸುತ್ತದೆ ಎಂಬುದನ್ನು ಮರೆಯಬೇಡಿ.

ಬ್ರೇಕಿನ ವಿಷಯದಲ್ಲಿ ಒಂದು ಮಾತು. ಗಾಡಿ ಎಡಕ್ಕೆ ಎಳೆಯುತ್ತದೆಂದ ಮಾತ್ರಕ್ಕೆ ಎಡಗಡೆಯದು ಕೆಟ್ಟಿದೆಯೆಂದು ತಿಳಿಯಬಾರದು. ಎಡಗಡೆಯದು ಹಿಡಿಯುತ್ತಿದೆ, ಬಲಗಡೆಯದು ಹಿಡಿಯುತ್ತಿಲ್ಲ. ಬಲ ಮುಂಚಕ್ರದ ಡ್ರಮ್ ತೆಗೆಸಿ ನೋಡಿ; ವೀಲ್ ಸಿಲಿಂಡರ್ ಜಾಮ್ ಆಗಿರಬಹುದು, ಲೈನಿಂಗಿಗೆ ಗ್ರೀಸ್ ತಾಗಿರಬಹುದು, ಇಲ್ಲವೇ ರಬ್ಬರ್ ಹೋಸ್ ಒಳಗೇ ಊದಿಕೊಂಡು ದಾರಿ ಮುಚ್ಚಿರಬಹುದು. ಹೊರಗಿನಿಂದ ಹೊಸದರಂತೆ ಕಾಣುವ ಹೋಸು ಕೂಡ ಒಳಗೆ ಮುಚ್ಚಿಕೊಂಡಿರುತ್ತದೆ. ನಾಲ್ಕೂ ಡ್ರಮ್ಮುಗಳನ್ನು ಲೇತಿನಲ್ಲಿ ಸಮ ಮಾಡಿಸಿ, ಮಾಸ್ಟರ್ ಸಿಲಿಂಡರ್ ಸೇರಿದಂತೆ ಎಲ್ಲಕ್ಕೂ ಕಿಟ್ ಹಾಕಿಸಿ, ಹಳೆಯ ಬ್ರೇಕ್ ಆಯಿಲನ್ನು ಪೂರ್ತಿ ಹೊರಗೆ ತೆಗೆಸಿ. ಡಾಟ್ 3 ಆಯಿಲ್ ಹೊಸದಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿಕೊಂಡ ಮೇಲೆ ಆ ಮಿತಿ 140ರ ಆಸುಪಾಸಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಪೆಡಲ್ ನೆಲಕ್ಕೆ ಕೂರುವುದಕ್ಕೆ ಬಹಳ ಸಲ ಇದೇ ಕಾರಣ. ನಿಮ್ಮ ಗಾಡಿಯಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಲೈನು, ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಹೋದಂತೆ. ಇವೆಲ್ಲ ಸರಿಯಿದ್ದರೆ ಡಿಸ್ಕ್ ಬ್ರೇಕಿನ ಅಗತ್ಯವಿಲ್ಲ. ಡ್ರಮ್ ಬ್ರೇಕಿನಲ್ಲೇ ಈ ಗಾಡಿಗಳು ಅರ್ಧ ಶತಮಾನ ಘಾಟಿ ಇಳಿದಿವೆ, ಗೇರಿನಲ್ಲಿ ಇಳಿಸುವುದನ್ನು ಚಾಲಕ ತಿಳಿದಿರಬೇಕು ಅಷ್ಟೆ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸಗಳೆಲ್ಲ ಹೊರಡುವುದಕ್ಕೆ ಎರಡು ತಿಂಗಳ ಮುಂಚೆ ಮುಗಿಯಬೇಕು. ಆ ಮೇಲೆ ಲಗೇಜು ತುಂಬಿ, ಮೂವರೂ ಕೂತು, ಮಡಿಕೇರಿ, ಸಂಪಾಜೆ ಘಾಟಿಯ ಮೇಲೆ ಮಂಗಳೂರಿಗೆ ಹೋಗಿ ಬನ್ನಿ. ಹೊಸದಾಗಿ ಹಾಕಿದ ಬಿಡಿಭಾಗವೇ ಮೊದಲು ಕೈಕೊಡುವುದು ಈ ಕಸುಬಿನಲ್ಲಿ ಮಾಮೂಲು, ಅದು ಮನೆಯ ಹತ್ತಿರವೇ ಕೈಕೊಡಲಿ.

ಉತ್ತರ: ಗಡಿ_ದಾಟಿದವರು

ರಿಪೇರಿಯ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಕಾಗದಪತ್ರಗಳ ವಿಷಯವನ್ನಷ್ಟೇ ಹೇಳುತ್ತೇನೆ. ಮೊದಲ ಕೆಲಸ, ಆರ್.ಸಿ.ಯನ್ನು ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೋ ತಾಯಿಯವರ ಹೆಸರಿಗೋ ಮಾಡಿಸುವುದು. ಅದಕ್ಕೆ ಆರ್.ಟಿ.ಒ. ಕಚೇರಿಯಲ್ಲಿ ನಮೂನೆ 31 ಕೊಡಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಇವೆಲ್ಲ ಬೇಕಾಗುತ್ತವೆ. ಇನ್ಷೂರೆನ್ಸ್ ಪಾಲಿಸಿಯೂ ಅದೇ ಹೆಸರಿಗೆ ಬರಬೇಕು. ಮಾಲೀಕರು ಗಾಡಿಯಲ್ಲಿ ಇಲ್ಲದಿದ್ದರೆ ಗಡಿಯಲ್ಲಿ ಅಧಿಕಾರಪತ್ರ ಕೇಳುತ್ತಾರೆ, ತೀರಿಹೋದವರಿಂದ ಅದನ್ನು ತರುವುದಾದರೂ ಹೇಗೆ? 15 ವರ್ಷ ದಾಟಿದ ಗಾಡಿಯಾದ್ದರಿಂದ ಐದೈದು ವರ್ಷಕ್ಕೊಮ್ಮೆ ನಮೂನೆ 25ರಲ್ಲಿ ಆಗಬೇಕಾದ ನವೀಕರಣ ಯಾವಾಗ ಮುಗಿಯುತ್ತದೆಂದು ನೋಡಿಕೊಳ್ಳಿ. ಹೊಗೆ ತಪಾಸಣೆಯ ಪ್ರಮಾಣಪತ್ರ ಚಾಲ್ತಿಯಲ್ಲಿರಲಿ, ಎಚ್.ಎಸ್.ಆರ್.ಪಿ. ನಂಬರ್ ಪ್ಲೇಟನ್ನೂ ಹಾಕಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮ ಗಾಡಿಗೆ 50 ವರ್ಷ ತುಂಬಿರುವುದರಿಂದ ವಿಂಟೇಜ್ ಎಂದು ನೋಂದಾಯಿಸಿ ಎಂದು ಏಜೆಂಟರು ಆಸೆ ತೋರಿಸಬಹುದು. ಕೇಂದ್ರ ಸರ್ಕಾರ 2021ರಲ್ಲಿ ಅಂಥ ನೋಂದಣಿಗೆ ನಿಯಮ ಮಾಡಿದ್ದು ನಿಜ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವಕ್ಕೆ ಮಾತ್ರ ಅವಕಾಶ. ತೀರ್ಥಯಾತ್ರೆ ಆ ಪಟ್ಟಿಯಲ್ಲಿಲ್ಲ. ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಿ.

ನಮ್ಮ ಪಾಲಿಸಿಗಳು ಭಾರತದೊಳಗೆ ಮಾತ್ರ ಅನ್ವಯಿಸುತ್ತವೆ. ನೇಪಾಳವನ್ನೂ ಸೇರಿಸಿಕೊಳ್ಳಲು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಭೌಗೋಳಿಕ ವ್ಯಾಪ್ತಿಯ ವಿಸ್ತರಣೆ ಮಾಡಿಸಬೇಕು, ಐ.ಎಂ.ಟಿ. 1 ಎಂಬ ಎಂಡಾರ್ಸ್‌ಮೆಂಟ್ ಬೇಕೆಂದು ಕೇಳಿದರೆ ಅವರಿಗೆ ಅರ್ಥವಾಗುತ್ತದೆ. ಕೌಂಟರಿನಲ್ಲಿ ಕೂತವರಿಗೆ ಇದರ ಪರಿಚಯವಿಲ್ಲದೆ ಅಂಥದ್ದೇನೂ ಇಲ್ಲವೆನ್ನಬಹುದು, ಅವರ ಮೇಲಿನವರನ್ನು ಕೇಳಿ. ಇರಾನ್, ಯುರೋಪ್ ಕಡೆ ಗಾಡಿ ಒಯ್ಯುವವರಿಗೆ ಬೇಕಾಗುವ ಕಾರ್ನೆ ಎಂಬ ಸುಂಕದ ದಾಖಲೆ ನೇಪಾಳಕ್ಕೆ ಬೇಕಿಲ್ಲ. ಸೋನೌಲಿಯ ಆಚೆ ಬದಿಯ ಬೆಲಹಿಯಾದಲ್ಲಿ ಭನ್ಸಾರ್ ಎಂಬ ಸುಂಕದ ರಸೀದಿಯನ್ನು ದಿನಗಳ ಲೆಕ್ಕದಲ್ಲಿ ಮಾಡಿಸಿ, ಜೊತೆಗೆ ಸಾರಿಗೆಯ ಪರ್ಮಿಟ್ಟನ್ನೂ ಪಡೆಯಬೇಕು. ಹಳೆಯ ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ದಿನ ಮೀರುತ್ತದೆ, ಮೀರಿದರೆ ದಂಡ; ಆದ್ದರಿಂದ ಯೋಜನೆಗಿಂತ ಎರಡು ಮೂರು ದಿನ ಹೆಚ್ಚಿಗೆ ಬರೆಸಿಕೊಳ್ಳಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನಡೆಯುತ್ತದೆ. ಮೂವರಿಗೂ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ. ಬರುವಾಗ ಹರಿದ್ವಾರ, ದೆಹಲಿ ಎಂದೇನಾದರೂ ಮನಸ್ಸಿದ್ದರೆ ಬಿಟ್ಟುಬಿಡಿ. ರಾಜಧಾನಿ ವಲಯದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧವಿದೆ.

ಉತ್ತರ: ಕೊಡಗಿನ_ಫಿಯಟ್

ಹಳೇ ಗ್ಯಾರೇಜಿನವರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಅವರು ಹೇಳದೆ ಬಿಟ್ಟ ಇಗ್ನಿಷನ್ ಬಗ್ಗೆ ನನ್ನ ಅಭಿಪ್ರಾಯವೆಂದರೆ, ಪ್ಲಗ್ಗಿಗೆ ಕಿಡಿ ಬರಲು ಕರೆಂಟನ್ನು ಕಡಿದು ಕೂಡಿಸುವ ಹಳೆಯ ಪಾಯಿಂಟ್ ಸೆಟ್ಟನ್ನೇ ಉಳಿಸಿಕೊಳ್ಳಿ. ಎಲೆಕ್ಟ್ರಾನಿಕ್ ಕಿಟ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅನುಮಾನವಿಲ್ಲ. ಆದರೆ ಅದು ಕೆಟ್ಟರೆ ಒಂದೇ ಸಲಕ್ಕೆ ಸಾಯುತ್ತದೆ, ದಾರಿಬದಿಯಲ್ಲಿ ಅದಕ್ಕೆ ಮದ್ದಿಲ್ಲ. ಪಾಯಿಂಟ್ ಸವೆದರೆ ಗಾಡಿ ಮೊದಲೇ ಎಳೆಯಲಾರದೆ ಹೇಳಿಬಿಡುತ್ತದೆ, ಮರಳು ಕಾಗದದಲ್ಲಿ ಉಜ್ಜಿ ಮುಂದಿನ ಊರು ತಲುಪಬಹುದು. ಪಾಯಿಂಟಿನ ಜೊತೆಗಿರುವ ಕಂಡೆನ್ಸರುಗಳು ಈಗ ಮಾರುಕಟ್ಟೆಗೆ ಬರುವಂಥವುಗಳ ಗುಣಮಟ್ಟವೇ ದೊಡ್ಡ ತಲೆನೋವು. ನಿಮ್ಮ ಡೆಲ್ಕೋದಲ್ಲಿ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಈಗಿರುವ ಹಳೆಯ ಕಂಡೆನ್ಸರ್ ಸರಿಯಾಗಿದ್ದರೆ ಅದನ್ನು ಬದಲಾಯಿಸಬೇಡಿ, ಹೊಸದನ್ನು ಪೆಟ್ಟಿಗೆಯಲ್ಲಿಡಿ.

ಎತ್ತರದ ವಿಷಯ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಪೋಖರಾ ಸುಮಾರು 820 ಮೀಟರ್. ಅಂದರೆ ನಿಮ್ಮೂರಿನಲ್ಲಿ ಟ್ಯೂನ್ ಮಾಡಿದ ಕಾರ್ಬುರೇಟರ್ ಪೋಖರಾದಲ್ಲಿ ಹಾಗೆಯೇ ನಡೆಯುತ್ತದೆ. ಕಠ್ಮಂಡು 1,400 ಮೀಟರ್. ಮಡಿಕೇರಿಯಲ್ಲಿ ತಕರಾರು ಮಾಡದ ಗಾಡಿ ಅಲ್ಲಿಯೂ ಮಾಡಲಾರದು. ಮುಕ್ತಿನಾಥದ ಲೆಕ್ಕ ಮಾತ್ರ ಬೇರೆ. ಅದು 3,700 ಮೀಟರಿಗೂ ಮೇಲಿದೆ. ಸಾವಿರ ಮೀಟರಿಗೆ ಸುಮಾರು ಶೇ. 10ರಂತೆ ಶಕ್ತಿ ಕಡಿಮೆಯಾಗುತ್ತ ಹೋದರೆ, ಮೊದಲೇ 40 ಅಶ್ವಶಕ್ತಿಯ ಆಸುಪಾಸಿನ ಈ ಎಂಜಿನ್ನಿನಲ್ಲಿ ಮೂರನೆಯ ಒಂದು ಪಾಲು ಅಲ್ಲಿಗೆ ಹೋಗುವ ಹೊತ್ತಿಗೇ ಕಳೆದಿರುತ್ತದೆ. ಗಾಳಿ ತೆಳುವಾಗುವುದರಿಂದ ಮಿಶ್ರಣ ದಪ್ಪವಾಗಿ ಪ್ಲಗ್ ಕಪ್ಪು ಕಟ್ಟುತ್ತದೆ. ಬೇನಿಯಿಂದ ಮೇಲಕ್ಕೆ ಹಲವೆಡೆ ರಸ್ತೆ ಕಲ್ಲುಮಣ್ಣಿನದು, ನಿಮ್ಮ ಎಂಜಿನ್ನಿನ ಅಡಿಯ ಆಯಿಲ್ ಸಂಪ್ ನೆಲಕ್ಕೆ ಹತ್ತಿರ. ಕಾರನ್ನು ಪೋಖರಾದಲ್ಲಿ ನಿಲ್ಲಿಸಿ, ತಾಯಿಯವರನ್ನು ಅಲ್ಲಿಯ ಜೀಪಿನಲ್ಲಿ ಕರೆದುಕೊಂಡು ಹೋಗಿ. ಆ ಎತ್ತರ ವಯಸ್ಸಾದವರಿಗೂ ಸುಲಭವಲ್ಲ. ನಡುವೆ ಜೋಮ್‌ಸೋಮ್‌ನಲ್ಲಿ ಒಂದು ರಾತ್ರಿ ತಂಗಿದರೆ ಒಳ್ಳೆಯದು, ವೈದ್ಯರನ್ನೂ ಮುಂಚಿತವಾಗಿ ಕೇಳಿರಿ.

ದೀಪಾವಳಿಯ ನಂತರದ ಕಾಲವನ್ನು ಆರಿಸಿಕೊಂಡದ್ದು ಸರಿ. ಮಳೆಗಾಲದಲ್ಲಿ ನಾರಾಯಣಘಾಟ್-ಮುಗ್ಲಿಂಗ್ ರಸ್ತೆಗೆ ಗುಡ್ಡ ಜಾರುತ್ತದೆ. 2024ರ ಜುಲೈನಲ್ಲಿ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದದ್ದು ಅಲ್ಲಿಯೇ. ಡಿಸೆಂಬರ್ ಬಂತೆಂದರೆ ವಾರಾಣಸಿ, ಗೋರಖಪುರದ ಬಯಲಿನಲ್ಲಿ ದಟ್ಟ ಮಂಜು, ಹಳೆಯ ಹೆಡ್‌ಲೈಟಿಗೆ ಅದು ಬಗ್ಗುವುದಿಲ್ಲ. ಕಾರ್ತಿಕ ಮಾಸದಲ್ಲೇ ಹೋಗಿ, ನವೆಂಬರ್ ಮುಗಿಯುವ ಮೊದಲು ಬಯಲು ದಾಟಿ ಬನ್ನಿ. ದಾರಿಯಲ್ಲಿ ಬ್ರೇಕಿಗೆ ಮೊದಲ ನಿಜವಾದ ಪರೀಕ್ಷೆ ರೀವಾ ಬಿಟ್ಟು ಮಿರ್ಜಾಪುರದ ಕಡೆ ಇಳಿಯುವ ಡ್ರಮಂಡ್‌ಗಂಜ್ ಘಾಟಿಯಲ್ಲಿ. ಗಡಿಯಿಂದ ಪೋಖರಾಕ್ಕೆ ಬುಟ್ವಲ್, ತಾನ್ಸೇನ್ ಮೇಲಿನ ಸಿದ್ಧಾರ್ಥ ಹೆದ್ದಾರಿ 180 ಕಿ.ಮೀ.ನಷ್ಟೇ ಆದರೂ ಪೂರ್ತಿ ತಿರುವು. ಪದ್ಮಿನಿಗೆ ಅದು ಇಡೀ ದಿನದ ಕೆಲಸ. ಇನ್ನು ಪಶುಪತಿನಾಥದ ಭಟ್ಟರು ನಮ್ಮ ಕಡೆಯಿಂದಲೇ ಹೋದವರಾದ್ದರಿಂದ ತಾಯಿಯವರಿಗೆ ಅಲ್ಲಿ ಕನ್ನಡ ಕಿವಿಗೆ ಬಿದ್ದರೂ ಬೀಳಬಹುದು.

ಟೈರುಗಳನ್ನು ಮರೆಯಬೇಡಿ. ಗ್ರಿಪ್ ಇದ್ದರೂ ವಯಸ್ಸು ನೋಡಿ: ಟೈರಿನ ಮಗ್ಗುಲಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ, 2218 ಎಂದಿದ್ದರೆ 2018ರ 22ನೆಯ ವಾರದಲ್ಲಿ ತಯಾರಾದದ್ದು. ಅಂಥದ್ದನ್ನು ಬದಲಾಯಿಸಿ. ಟ್ಯೂಬಿಗಾಗಿ ಮಾಡಿದ ಹಳೆಯ ರಿಮ್ ಆದ್ದರಿಂದ ಹೊಸ ರೇಡಿಯಲ್ ಟೈರಿಗೂ ಟ್ಯೂಬ್ ಹಾಕಿಸುವುದೇ ಕ್ಷೇಮ.

ಮೈಸೂರು_ಪದ್ಮಿನಿ

ಎಲ್ಲರ ಸಲಹೆಗಳಿಗೂ ಧನ್ಯವಾದಗಳು. ಮುಕ್ತಿನಾಥಕ್ಕೆ ಜೀಪಿನಲ್ಲಿ ಹೋಗಲು ತಾಯಿಯವರು ಒಪ್ಪಿದ್ದಾರೆ. ಬಲ ಮುಂಚಕ್ರ ಬಿಚ್ಚಿಸಿದಾಗ ವೀಲ್ ಸಿಲಿಂಡರಿನ ಒಂದು ಪಿಸ್ಟನ್ ತುಕ್ಕು ಹಿಡಿದು ಅಲುಗಾಡದೆ ಕೂತಿತ್ತು. ರೇಡಿಯೇಟರ್ ಅಂಗಡಿಯವರು ಕೋರಿನ ಕೆಳಭಾಗ ಅರ್ಧಕ್ಕರ್ಧ ಮುಚ್ಚಿದೆ ಎಂದಿದ್ದಾರೆ, ಥರ್ಮೋಸ್ಟಾಟ್ ಇರಲೇ ಇಲ್ಲ. ಕಂಪ್ರೆಷನ್ ಅಂಕಿಗಳು ಮೊದಲನೆಯದರಿಂದ ಕ್ರಮವಾಗಿ 125, 120, 85, 120 ಪಿ.ಎಸ್.ಐ. ಮೂರನೆಯದಕ್ಕೆ ಆಯಿಲ್ ಬಿಟ್ಟು ಅಳೆದರೂ 88ರ ಮೇಲೆ ಏರಲಿಲ್ಲ. ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್ ಮಾಡಬೇಕೆಂದು ಮೇಸ್ತ್ರಿ ಹೇಳುತ್ತಿದ್ದಾರೆ. ಒಪ್ಪಬಹುದೇ? ಬಿಡಿಭಾಗಗಳಲ್ಲಿ ಏನೇನು ಜೊತೆಗೆ ಒಯ್ಯಬೇಕು?

ಉತ್ತರ: ಹಳೇ_ಗ್ಯಾರೇಜು

ರಿಂಗುಗಳು ಚೆನ್ನಾಗಿವೆ, ಬೋರಿಂಗಿನ ಖರ್ಚು ಉಳಿಯಿತು. ಮೂರನೆಯದರಲ್ಲಿ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಆದರೆ ಹೆಡ್ ಇಳಿಸುವ ಮೊದಲು ಒಂದು ಗಂಟೆಯ ಕೆಲಸವಿದೆ: ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ನೋಡಿಸಿ. ನೀವು ಮೊದಲೇ ಹೇಳಿದಂತೆ ಗಾಡಿ ತಣ್ಣಗಿರುವಾಗ ಚೆನ್ನಾಗಿದ್ದು, ಬಿಸಿಯಾದ ಮೇಲೆ ಮಾತ್ರ ಮಿಸ್ ಹೊಡೆಯುತ್ತದೆ. ಎಕ್ಸಾಸ್ಟ್ ವಾಲ್ವಿನ ಗ್ಯಾಪ್ ತೀರ ಕಡಿಮೆಯಾಗಿದ್ದರೆ, ಬಿಸಿಗೆ ವಾಲ್ವ್ ಉದ್ದವಾಗಿ ಸೀಟಿನಿಂದ ಕೂದಲೆಳೆಯಷ್ಟು ಮೇಲೆಯೇ ನಿಲ್ಲುತ್ತದೆ, ಆಗ ಹೀಗೆಯೇ ಆಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮ್ಯಾನ್ಯುಯಲ್ಲಿನಲ್ಲಿ ಕೊಟ್ಟಿರುವ ಅಳತೆಗೆ ಎಂಟೂ ವಾಲ್ವುಗಳನ್ನು ಸರಿಪಡಿಸಿ, ಒಂದೆರಡು ದಿನ ಓಡಿಸಿ ಮತ್ತೆ ಅಳೆಯಿರಿ. 85 ಇದ್ದದ್ದು 110 ದಾಟಿದರೆ ಹೆಡ್ ಮುಟ್ಟಬೇಡಿ.

ಏರದಿದ್ದರೆ ವಾಲ್ವ್ ಸುಟ್ಟಿದೆಯೆಂದು ತಿಳಿದು ಹೆಡ್ ಇಳಿಸಲು ಒಪ್ಪಿಕೊಳ್ಳಿ. ಆಗ ಹೆಡ್ಡಿನ ತಳ ಸಮವಾಗಿದೆಯೇ ಎಂದು ಸ್ಟ್ರೈಟ್ ಎಡ್ಜ್ ಇಟ್ಟು ನೋಡಿಸಿ, ಗ್ಯಾಸ್ಕೆಟ್ ಹೊಸದೇ ಹಾಕಿಸಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಟಾರ್ಕ್ ರೆಂಚಿನಲ್ಲೇ ಬಿಗಿಸಲು ಹೇಳಿ. ಕೈ ಅಂದಾಜಿನಲ್ಲಿ ಬಿಗಿಸುವವರಾದರೆ ಬೇರೆ ಮೇಸ್ತ್ರಿಯನ್ನು ನೋಡಿ.

ಬಿಡಿಭಾಗಗಳನ್ನು ಈಗಲೇ ಹುಡುಕಲು ತೊಡಗಿ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟ ಮೇಲೆ ಹೊಸ ಸರಕು ತಯಾರಿಸುವವರು ಕಡಿಮೆಯಾಗುತ್ತಿದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಿಟ್ಟುಗಳು, ಗ್ಯಾಸ್ಕೆಟ್ಟುಗಳು ಸಿಗುತ್ತವೆ. ಹಳೆಯ ಭಾಗ ಬೇಕಾದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು. ಪೆಟ್ಟಿಗೆಯಲ್ಲಿ ಪಂಪಿನ ಡಯಾಫ್ರಮ್, ಹೆಡ್ ಗ್ಯಾಸ್ಕೆಟ್, ಪಾಯಿಂಟ್, ಕಂಡೆನ್ಸರ್, ರೋಟರ್, ಕಾಯಿಲ್, ಫ್ಯಾನ್ ಬೆಲ್ಟ್, ಮೇಲಿನ ಕೆಳಗಿನ ಹೋಸುಗಳು, ಬ್ರೇಕಿನ ರಬ್ಬರುಗಳು, ಒಂದು ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್, ಆಕ್ಸಿಲರೇಟರಿಗೂ ಕ್ಲಚ್ಚಿಗೂ ಬೇಕಾಗುವ ಸಾಮಾನು ಇಷ್ಟಿರಲಿ. ಡೈನಮೊ ಬ್ರಷ್ಷುಗಳನ್ನು ಇಲ್ಲೇ ಬದಲಾಯಿಸಿಕೊಂಡು ಹೊರಡಿ. ನೇಪಾಳದಲ್ಲಿ ಫಿಯಟ್ ಸಾಮಾನು ಸಿಗುವ ಭರವಸೆಯಿಲ್ಲ, ಆದರೆ ಮಾರುತಿ 800ರದು ಎಲ್ಲೆಡೆ ಸಿಗುತ್ತದೆ. ಆದ್ದರಿಂದ ಕ್ಲಿಪ್ಪು, ಫ್ಯೂಸು, ಬಲ್ಬು, ಪೆಟ್ರೋಲ್ ಫಿಲ್ಟರ್ ಇಂಥವನ್ನು ಅದರ ಅಳತೆಗೆ ಹೊಂದುವಂತೆ ಈಗಲೇ ಮಾಡಿಕೊಂಡರೆ ಪೆಟ್ಟಿಗೆ ಹಗುರಾಗುತ್ತದೆ. ಮೇಲೆ ಕ್ಯಾರಿಯರ್ ಕಟ್ಟಬೇಡಿ. ತೂಕವೆಲ್ಲ ಡಿಕ್ಕಿಯಲ್ಲಿ, ಹಿಂದಿನ ಸೀಟಿನ ಕೆಳಗೆ ಹೊಂದಿಸಿ, ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕುಸಿದಿದ್ದರೆ ಅದಕ್ಕೂ ಮೊದಲು ಅವುಗಳಿಗೆ ಮತ್ತೆ ಕಮಾನು ಕಟ್ಟಿಸಿ.

ಟ್ಯಾಪೆಟ್ ನೋಡಿಸುವವರೆಗೆ ಗ್ಯಾಸ್ಕೆಟ್ ಸೆಟ್ಟಿಗೆ ಹಣ ಕೊಡಬೇಡಿ. ಹೊಸ ಅಂಕಿ ಬಂದ ಕೂಡಲೇ ಇಲ್ಲಿ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.